ಆಸ್ಪತ್ರೆಯ ನೌಕರಿ ಬಿಟ್ಟು ‘ಪೂರ್ಣಾವಧಿ ಸೇವೆ’ಗೆ ಬರಬೇಕೆ?

ಸಹೋದರಿಯವರಿಗೆ ವಂದನೆಗಳು. ಒಂಬತ್ತು ವರ್ಷಗಳಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿರುವ ನಿಮಗೆ, ‘ದೇವರ ಕರೆ ಇದೆ, ನೌಕರಿ ಬಿಟ್ಟು ಪೂರ್ಣಾವಧಿ ಸೇವೆಗೆ, ಅಂದರೆ ಇಡೀ ಸಮಯ ಚರ್ಚಿನ ಕೆಲಸಕ್ಕೆ, ಬನ್ನಿ’ ಎಂದು ನಿಮ್ಮ ಕ್ರೈಸ್ತ ಸಭೆಯ ಹಿರಿಯರು ಹೇಳುತ್ತಿದ್ದಾರೆಂದೂ, ಹೋಗದೆ ಉಳಿದರೆ ದೇವರಿಗೆ ಮಿಕ್ಕಿದ ಸಮಯವನ್ನಷ್ಟೇ ಕೊಟ್ಟ ಹಾಗಾಗುತ್ತದೆಯೇ ಎಂಬ ಅಳುಕು ನಿಮ್ಮನ್ನು ಕಾಡುತ್ತಿದೆಯೆಂದೂ ಬರೆದಿದ್ದೀರಿ. ನಾನು ದೇವಶಾಸ್ತ್ರ ಓದಿದವನಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ, ಅದರಲ್ಲಿ ಬಹುಕಾಲ ಪಿಂಚಣಿ ಕಡತಗಳ ಮೇಜಿನಲ್ಲಿ ಕುಳಿತು ನಿವೃತ್ತನಾದವನು. ಆದರೂ ಉತ್ತರ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿರುವ ತಪ್ಪು ಎಣಿಕೆಯನ್ನು ನಾನು ಇಪ್ಪತ್ತು ವರ್ಷ ನಂಬಿ ನಡೆದಿದ್ದೆ.

ನಾನು ಧಾರವಾಡದ ಕಡೆಯವನು. ಭಾನುವಾರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ಬುಧವಾರ ಸಂಜೆಯ ಪ್ರಾರ್ಥನಾಕೂಟದಲ್ಲಿ ಆಗಾಗ ಪ್ರಸಂಗ ಮಾಡುತ್ತಿದ್ದೆ, ಅದನ್ನೇ ಸೇವೆ ಎಂದು ಕರೆಯುತ್ತಿದ್ದೆ. ಕಚೇರಿಯೆಂದರೆ ಹೊಟ್ಟೆಪಾಡು. ಒಂದು ಬುಧವಾರ, ಆಗಲೇ ನಾಲ್ಕೂವರೆಯಾಗಿತ್ತು, ರಸ್ತೆ ಕೆಲಸದ ಗ್ಯಾಂಗ್‌ಮನ್ ಒಬ್ಬರ ವಿಧವೆ ಕುಟುಂಬ ಪಿಂಚಣಿಗಾಗಿ ನನ್ನ ಮೇಜಿನ ಮುಂದೆ ನಿಂತರು. ತೊಡಕು ದೊಡ್ಡದೇನಲ್ಲ. ಗಂಡನ ಸೇವಾ ಪುಸ್ತಕದಲ್ಲಿ ಆಕೆಯ ಹೆಸರಿನ ಕೊನೆಗೆ ‘ಅವ್ವ’ ಎಂದಿತ್ತು, ಪಿಂಚಣಿ ಆದೇಶದಲ್ಲಿ ಯಾರೋ ಅದನ್ನು ‘ಅಮ್ಮ’ ಮಾಡಿದ್ದರು. ನಮ್ಮ ಭಾಗದಲ್ಲಿ ಎರಡೂ ಒಂದೇ ಎಂಬುದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಕಾಗದಕ್ಕೆ ಗೊತ್ತಿರಲಿಲ್ಲ. ಒಂದು ಟಿಪ್ಪಣಿ ಬರೆದು, ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ತಿದ್ದುಪಡಿ ಕೋರಿ ಪತ್ರ ಕಳುಹಿಸಬೇಕಿತ್ತು. ನನ್ನ ತಲೆಯಲ್ಲಿ ಸಂಜೆಯ ಪ್ರಸಂಗವಿತ್ತು. ‘ಮುಂದಿನ ವಾರ ಬಾರವ್ವಾ’ ಎಂದೆ. ಮುಂದಿನ ವಾರವೂ ಅದನ್ನೇ ಹೇಳಿದೆ, ಅದರ ಮುಂದಿನ ವಾರವೂ.

ನಾಲ್ಕನೆಯ ಬಾರಿಗೆ ಬಂದದ್ದು ಆಕೆಯ ಮಗಳು. ‘ಅವ್ವ ಕಳೆ ತೆಗೀಲಿಕ್ಕೆ ಹೋಗ್ಯಾಳ್ರೀ. ಮೂರು ದಿನದ ಕೂಲಿ ಹೋತು, ಇನ್ನ ಬರಂಗಿಲ್ಲ ಅಂದ್ಲು’ ಎಂದು, ತಾಯಿ ತರುತ್ತಿದ್ದ ಅದೇ ಬಟ್ಟೆಯಂಗಡಿಯ ಚೀಲದಿಂದ ಅವೇ ಕಾಗದಗಳನ್ನು ತೆಗೆದು ನನ್ನ ಮುಂದಿಟ್ಟಳು. ಆಗಲೇ ಕುಳಿತು ಪತ್ರ ಬರೆದೆ. ಹಿಡಿದದ್ದು ಕಾಲು ಗಂಟೆ. ಆ ಮೂರು ಬುಧವಾರ ನಾನು ಯಾವ ವಾಕ್ಯಭಾಗದ ಮೇಲೆ ಮಾತನಾಡಿದೆನೆಂಬುದು ನನಗೇ ನೆನಪಿಲ್ಲ, ಕೇಳಿದವರಿಗೆ ನೆನಪಿರುವುದಂತೂ ಸಾಧ್ಯವಿಲ್ಲ. ಆ ಚೀಲದ ಮೇಲೆ ಅಚ್ಚಾಗಿದ್ದ ಅಂಗಡಿಯ ಹೆಸರು ಮಾತ್ರ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಇದಾದ ಮೇಲೆ ಬೈಬಲಿನ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನು ಓದಿದಾಗ ಅದು ಬೇರೆಯಾಗಿ ಕಂಡಿತು. ನಿಮ್ಮ ಹಿರಿಯರೂ ಬಹುಶಃ ಇದೇ ಭಾಗವನ್ನು ಉಲ್ಲೇಖಿಸಿರಬಹುದು, ಏಕೆಂದರೆ ದೇವರ ವಾಕ್ಯವನ್ನು ಬಿಟ್ಟು ಊಟದ ಪಂಕ್ತಿಯ ಕೆಲಸಕ್ಕೆ ನಿಲ್ಲುವುದು ತಮಗೆ ತಕ್ಕದ್ದಲ್ಲವೆಂದು ಯೇಸುವಿನ ಶಿಷ್ಯರಾದ ಅಪೊಸ್ತಲರು ಹೇಳುವುದು ಅಲ್ಲಿಯೇ. ಅದನ್ನು ಹಿಡಿದು ಪ್ರಸಂಗ ಮೇಲು, ಬಡಿಸುವುದು ಕೀಳು ಎಂದು ಬೋಧಿಸುವವರಿದ್ದಾರೆ. ಆದರೆ ಆ ಅಧ್ಯಾಯ ಶುರುವಾಗುವುದೇ ವಿಧವೆಯರ ಕುರಿತ ದೂರಿನಿಂದ: ಗ್ರೀಕ್ ಮಾತನಾಡುವ ವಿಧವೆಯರಿಗೆ ದಿನದಿನದ ಹಂಚಿಕೆಯಲ್ಲಿ ಪಾಲು ಸಿಗುತ್ತಿರಲಿಲ್ಲ. ಇನ್ನೊಂದು ಸಂಗತಿ ಅನುವಾದದಲ್ಲಿ ಮರೆಯಾಗಿಬಿಡುತ್ತದೆ. ಗ್ರೀಕ್ ಮೂಲದಲ್ಲಿ ಆ ದಿನದಿನದ ಹಂಚಿಕೆಗೂ ‘ದಿಯಾಕೊನಿಯ’ ಎಂಬ ಪದವಿದೆ, ಅಪೊಸ್ತಲರು ತಮಗೆ ಉಳಿಸಿಕೊಂಡ ವಾಕ್ಯದ ಸೇವೆಗೂ ಅದೇ ಪದವಿದೆ. ಕೆಲಸಗಳು ಎರಡು, ಹೆಸರು ಒಂದು. ಬಡಿಸಲು ಆರಿಸಿದ ಏಳು ಮಂದಿಯೂ ಪವಿತ್ರಾತ್ಮಭರಿತರೂ ಜ್ಞಾನಸಂಪನ್ನರೂ ಆಗಿರಬೇಕೆಂದು ಕೇಳಿ, ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ನಮ್ಮ ಸಭೆಗಳಲ್ಲಿ ಭಾನುವಾರದ ಶಾಲೆಯ ಬೋಧಕರನ್ನು ಎದ್ದು ನಿಲ್ಲಿಸಿ ಪ್ರಾರ್ಥಿಸುವುದನ್ನು ಎಷ್ಟೋ ಸಲ ಕಂಡಿದ್ದೇನೆ. ರಾತ್ರಿ ಪಾಳಿಗೆ ಹೊರಟ ಶುಶ್ರೂಷಕಿಗಾಗಿ ಹಾಗೆ ಪ್ರಾರ್ಥಿಸಿದ್ದನ್ನು ಒಮ್ಮೆಯೂ ಕಂಡಿಲ್ಲ.

ನಿಮ್ಮ ಹುದ್ದೆಯ ಹೆಸರಿನಲ್ಲೂ ಒಂದು ಸ್ವಾರಸ್ಯವಿದೆ. ಶುಶ್ರೂಷೆ ಎಂಬ ಸಂಸ್ಕೃತ ಪದಕ್ಕೆ ‘ಕೇಳಿಸಿಕೊಳ್ಳುವ ಬಯಕೆ’ ಎಂಬುದೇ ಮೊದಲ ಅರ್ಥ. ವಿಧೇಯತೆ, ಉಪಚಾರ ಎಂಬ ಅರ್ಥಗಳು ಅದರಿಂದ ಬಂದವು. ಪಕ್ಕದ ಕೇರಳದ ಕ್ರೈಸ್ತರು ಇದೇ ಪದವನ್ನು ದೇವಾರಾಧನೆಗೂ ಬಳಸುತ್ತಾರೆ. ನಾವು ಕನ್ನಡದವರು ಅದನ್ನು ಆಸ್ಪತ್ರೆಗೆ ಬಿಟ್ಟುಕೊಟ್ಟು, ‘ಸೇವೆ’ಯನ್ನು ಒಂದು ಕಡೆ ಸಭೆಯ ವೇದಿಕೆಗೂ ಇನ್ನೊಂದು ಕಡೆ ಸರ್ಕಾರದ ಸೇವಾ ಪುಸ್ತಕಕ್ಕೂ ಹಂಚಿದ್ದೇವೆ. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ವಿಧಾನಸೌಧದ ಮೇಲೆ ಕೆತ್ತಿರುವುದನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬ. ಆ ಮೂರು ಬುಧವಾರಗಳ ನಂತರ ನಗು ಬರಲಿಲ್ಲ.

ನಮ್ಮ ನಾಡಿನ ಸಭಾಚರಿತ್ರೆಯಲ್ಲಿಯೂ ಸೇವೆಗೂ ಹೊಟ್ಟೆಪಾಡಿಗೂ ನಡುವಿನ ಈ ಗೆರೆ ಅಷ್ಟು ನೇರವಾಗಿರಲಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದದ್ದು ಸುವಾರ್ತೆ ಸಾರಲೆಂದೇ. ಆದರೆ ಕ್ರೈಸ್ತರಾದವರು ಜಾತಿಯಿಂದ ಹೊರಬಿದ್ದು, ಅದರೊಂದಿಗೆ ಕುಲಕಸುಬನ್ನೂ ಕಳೆದುಕೊಂಡಾಗ, ಬರಿಯ ಉಪದೇಶದಿಂದ ಅವರ ಒಲೆ ಉರಿಯಲಿಲ್ಲ. ಆದ್ದರಿಂದ ಮಗ್ಗಗಳು ಬಂದವು. 1865ರಲ್ಲಿ ಯಂತ್ರವಿದ್ಯೆ ಬಲ್ಲ ಗೆಯೋರ್ಗ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅದರಲ್ಲಿ ವ್ಯಾಪಾರದ ಲೆಕ್ಕವೂ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಮಣ್ಣು ಹದಮಾಡಿ ಸೋರದ ಹೆಂಚನ್ನು ಸುಟ್ಟುಕೊಟ್ಟವನು ಆ ದಿನ ಸೇವೆ ಮಾಡಲಿಲ್ಲವೆಂದು ನನ್ನಿಂದ ಹೇಳಲಾಗದು.

ಹಾಗೆಂದು ‘ಎಲ್ಲವೂ ಸೇವೆಯೇ’ ಎಂದು ನಿಮ್ಮನ್ನು ಸಮಾಧಾನಪಡಿಸುವ ಉದ್ದೇಶ ನನಗಿಲ್ಲ. ಮೂರು ವಾರ ಆ ವಿಧವೆಯನ್ನು ಅಲೆದಾಡಿಸಿದಾಗಲೂ ನಾನು ಕುರ್ಚಿಯಲ್ಲಿಯೇ ಇದ್ದೆ, ಹಾಜರಿ ಪುಸ್ತಕದಲ್ಲಿ ಸಹಿಯಿತ್ತು, ಸಂಬಳವೂ ಬಂತು, ಅದು ಸೇವೆಯಾಗಿರಲಿಲ್ಲ. ನೌಕರಿ ತಾನಾಗಿ ಸೇವೆಯಾಗುವುದಿಲ್ಲ, ಎದುರಿಗಿರುವವರ ಕೆಲಸ ನಡೆದರೆ ಆಗುತ್ತದೆ. ನಿಮ್ಮ ವಾರ್ಡಿನಲ್ಲಿ ಅದು ಹೇಗಿರುತ್ತದೆಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು: ಜೊತೆಗೆ ಯಾರೂ ಇಲ್ಲದ ರೋಗಿಯ ಹಾಸಿಗೆ ಬದಲಿಸುವುದು, ಪಾಳಿ ಮುಗಿದಾಗ ಮುಂದಿನವರಿಗೆ ಎಲ್ಲವನ್ನೂ ಸರಿಯಾಗಿ ಒಪ್ಪಿಸಿ ಹೋಗುವುದು, ಹೆರಿಗೆಯಾದ ಮನೆಯವರು ಕೈಗೆ ತುರುಕುವ ನೋಟನ್ನು ಹಿಂದಿರುಗಿಸುವುದು. ಹಾಸಿಗೆ ಹಿಡಿದವರ ಕೈಗೆ ಸುವಾರ್ತೆಯ ಕರಪತ್ರ ಕೊಡುವುದನ್ನು ನಾನು ಇದರಲ್ಲಿ ಸೇರಿಸುವುದಿಲ್ಲ. ಸೂಜಿ ನಿಮ್ಮ ಕೈಯಲ್ಲಿರುವಾಗ ಆತನಿಗೆ ‘ಬೇಡ’ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಆತನೇ ಕೇಳಿದರೆ ಆ ಮಾತು ಬೇರೆ.

ಇನ್ನೊಂದು ಎಚ್ಚರಿಕೆ. ಏನು ಮಾಡಿದರೂ ಮನುಷ್ಯರಿಗೆಂದಲ್ಲ, ಕರ್ತನಿಗೆಂದು ಮನಃಪೂರ್ವಕವಾಗಿ ಮಾಡಿರಿ ಎಂಬ ಅರ್ಥದ, ಬೈಬಲಿನಲ್ಲಿ ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ ಮಾತನ್ನು ನಿಮಗೆ ಬೇಕಾದಷ್ಟು ಜನ ಹೇಳುತ್ತಾರೆ. ಅದನ್ನು ಬರೆದದ್ದು ದಾಸರಿಗೆ, ಬಿಟ್ಟುಹೋಗುವ ಆಯ್ಕೆಯೇ ಇಲ್ಲದವರಿಗೆ. ಅದರ ಬೆನ್ನಿಗೇ, ದಾಸರಿಗೆ ನ್ಯಾಯವಾದದ್ದನ್ನು ಕೊಡಬೇಕೆಂಬ ಆಜ್ಞೆ ಯಜಮಾನರಿಗೂ ಇದೆ. ಸತತ ಎರಡು ಪಾಳಿ ಮಾಡಿಸಿ ‘ನಿಮ್ಮದು ಸೇವೆಯಲ್ಲವೇ ಸಿಸ್ಟರ್’ ಎನ್ನುವವರಿಗೆ ಆ ವಾಕ್ಯವನ್ನು ಬಿಟ್ಟುಕೊಡಬೇಡಿ. ರಜೆ ಕೇಳಿ, ಸಂಬಳ ಕೇಳಿ, ನಿದ್ದೆ ಮಾಡಿ.

ಪೂರ್ಣಾವಧಿಗೆ ಹೋಗುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಸಭಾಪಾಲನೆ ಬೇಕಾದ ಕೆಲಸ, ಕಷ್ಟದ ಕೆಲಸ. ಹಳ್ಳಿಯ ಸಭೆಗಳಲ್ಲಿ ಅರೆಹೊಟ್ಟೆಯಲ್ಲಿದ್ದು ಅದನ್ನು ಮಾಡುವ ಅಯ್ಯನವರನ್ನು ನಾನು ಬಲ್ಲೆ. ಎಫೆಸದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಬೋಧಕರನ್ನೂ ಪಾಲಕರನ್ನೂ ಕೊಟ್ಟದ್ದು ಏಕೆಂದು ಹೇಳುವ ವಾಕ್ಯವಿದೆ. 1611ರ ಇಂಗ್ಲಿಷ್ ಅನುವಾದವು ದೇವಜನರನ್ನು ಸಿದ್ಧಪಡಿಸುವುದಕ್ಕೂ ಸೇವೆಯ ಕೆಲಸಕ್ಕೂ ನಡುವೆ ಅಲ್ಪವಿರಾಮ ಹಾಕಿದ್ದರಿಂದ, ಎರಡೂ ಪಾಲಕರ ಪಾಲಿಗೇ ಬಂದಂತೆ ಓದಿಸಿತು. ಈಚಿನ ಅನೇಕ ಅನುವಾದಗಳು ಆ ಅಲ್ಪವಿರಾಮವನ್ನು ತೆಗೆದಿವೆ: ಪಾಲಕರು ಸಿದ್ಧಪಡಿಸಬೇಕು, ಸೇವೆಯ ಕೆಲಸ ಮಾಡಬೇಕಾದವರು ದೇವಜನರೆಲ್ಲರೂ. ಅವ್ವನೋ ಅಮ್ಮನೋ ಎಂಬುದಕ್ಕೆ ಒಬ್ಬ ಹೆಣ್ಣುಮಗಳ ಪಿಂಚಣಿ ನಿಂತದ್ದನ್ನು ಕಂಡವನಿಗೆ, ಒಂದು ಅಲ್ಪವಿರಾಮ ಎಷ್ಟು ಮಾಡಬಲ್ಲದೆಂದು ಬೇರೆ ಹೇಳಬೇಕಾಗಿಲ್ಲ.

ಆದ್ದರಿಂದ ನಿಮ್ಮ ಹಿರಿಯರಿಗೆ ಎರಡು ಪ್ರಶ್ನೆ ಕೇಳಿ. ಸಭೆಯಲ್ಲಿ ನಾನೇ ಮಾಡಬೇಕಾದ, ಬೇರೆ ಯಾರೂ ಮಾಡಲಾಗದ ಕೆಲಸ ಯಾವುದು? ನಾನು ಬಿಟ್ಟುಬಂದರೆ ಆ ವಾರ್ಡಿನಲ್ಲಿ ನನ್ನ ಜಾಗಕ್ಕೆ ಯಾರು ಬರುತ್ತಾರೆ? ಎರಡಕ್ಕೂ ತೃಪ್ತಿಕರವಾದ ಉತ್ತರ ಸಿಕ್ಕಿ, ನಿಮ್ಮ ಮನಸ್ಸಿಗೂ ಅದೇ ಬೇಕೆನಿಸಿದರೆ ಸಂತೋಷದಿಂದ ಹೋಗಿ. ಕೇವಲ ಅಳುಕಿನಿಂದಾದರೆ ಬೇಡ. ಸದ್ಯಕ್ಕೆ, ಮುಂದೆ ಯಾವ ಭಾನುವಾರ ನಿಮಗೆ ಡ್ಯೂಟಿ ಬೀಳುತ್ತದೋ ಅದರ ಹಿಂದಿನ ದಿನವೇ ಹಿರಿಯರಿಗೆ ಫೋನ್ ಮಾಡಿ. ಬರಲಾಗುವುದಿಲ್ಲವೆಂದು ಕ್ಷಮೆ ಕೇಳಬೇಡಿ, ಯಾವ ವಾರ್ಡು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು ತಿಳಿಸಿ, ಆರಾಧನೆಯ ಪ್ರಾರ್ಥನೆಯಲ್ಲಿ ಅದನ್ನು ಹೆಸರಿಸುವಂತೆ ಕೇಳಿಕೊಳ್ಳಿ.