ಉಚಿತ ವಿಪಿಎನ್ ಹಾಕಿಕೊಂಡರೆ ನಾನು ಏನು ನೋಡುತ್ತೇನೆಂದು ಯಾರಿಗೂ ಗೊತ್ತಾಗುವುದಿಲ್ಲ ತಾನೆ?

ನಾನೂ ಒಂದು ಕಾಲದಲ್ಲಿ ಹೀಗೇ ಕೇಳಿದ್ದೆ. ವಿಪಿಎನ್ ಅಂದರೆ ನಿಮ್ಮ ಇಂಟರ್ನೆಟ್ ಸಂಚಾರವನ್ನೆಲ್ಲ ತನ್ನ ಸರ್ವರ್ ಮೂಲಕ ಕಳಿಸುವ ಸೇವೆ. ಯಾರಿಗೂ ಗೊತ್ತಾಗಬಾರದು ಅನ್ನುವುದು ಆಗದ ಮಾತು. ಇಲ್ಲಿಯವರೆಗೆ ಜಿಯೋಗೋ ಏರ್‌ಟೆಲ್‌ಗೋ ಕಾಣುತ್ತಿದ್ದದ್ದು ಇನ್ನು ಮೇಲೆ ವಿಪಿಎನ್ ಕಂಪನಿಗೆ ಕಾಣುತ್ತದೆ, ಅಷ್ಟೇ. ಅದೂ ಹೆಚ್ಚಾಗಿ ಸೈಟಿನ ಹೆಸರು ಮಾತ್ರ. ಎಚ್‌ಟಿಟಿಪಿಎಸ್ (ಮಾಹಿತಿಯನ್ನು ಗುಟ್ಟಾಗಿ ಕಳಿಸುವ ವಿಧಾನ) ಇರುವ ಕಡೆ ಪಾಸ್‌ವರ್ಡ್, ಪುಟದೊಳಗಿನ ವಿಷಯ ಮೊದಲೂ ಕಾಣುತ್ತಿರಲಿಲ್ಲ. ಕೆಫೆಯ ವೈಫೈನಲ್ಲಿ ಬ್ಯಾಂಕ್ ಖಾತೆ ಲೂಟಿಯಾಗುತ್ತದೆ ಎಂದು ಹೆದರಿಸುವ ಜಾಹೀರಾತುಗಳು ಇದನ್ನು ಹೇಳುವುದಿಲ್ಲ.

ಜನ ಎಡವುವುದು ಬೇರೆ ಕಡೆ. ಪರದೆಯ ಮೇಲೆ ಕೀಲಿಕೈ ಗುರುತು ಬಂತು, ಇನ್ನು ಎಲ್ಲವೂ ವಿಪಿಎನ್ ಮೂಲಕವೇ ಹೋಗುತ್ತಿದೆ ಅಂದುಕೊಳ್ಳುತ್ತಾರೆ. ನಿಮ್ಮ ಫೋನಿಗೆ ಐಪಿವಿ4, ಐಪಿವಿ6 ಎಂದು ಎರಡು ಬಗೆಯ ವಿಳಾಸ ಇರಬಹುದು. ಜಿಯೋದಲ್ಲಂತೂ ಐಪಿವಿ6 ಬಳಕೆ ಜಾಸ್ತಿ. ಕಳಪೆ ಆ್ಯಪ್ ಮೊದಲನೆಯದನ್ನಷ್ಟೇ ಒಯ್ದು ಎರಡನೆಯದನ್ನು ತಡೆಯದೆ ಬಿಟ್ಟರೆ, ಐಪಿವಿ6 ಇರುವ ಸೈಟುಗಳಿಗೆ ನೀವು ಸ್ವಂತ ವಿಳಾಸದಲ್ಲೇ ಹೋಗುತ್ತೀರಿ. ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಬಂದಾಗಲೂ ಅಷ್ಟೇ: ವಿಪಿಎನ್ ಮತ್ತೆ ಕೂಡಿಕೊಳ್ಳುವಷ್ಟರಲ್ಲಿ ಹಿನ್ನೆಲೆಯ ಆ್ಯಪ್‌ಗಳು ನೇರವಾಗಿ ಹೊರಗೆ ಹೋಗಿ ಬಂದಿರಬಹುದು.

ಪರೀಕ್ಷೆ ಸುಲಭ. ವಿಪಿಎನ್ ಆಫ್ ಮಾಡಿ ಐಪಿಲೀಕ್ ಡಾಟ್ ನೆಟ್ ತೆರೆದು ಐಪಿವಿ4, ಐಪಿವಿ6, ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಮೂರನ್ನೂ ಬರೆದಿಟ್ಟುಕೊಳ್ಳಿ. ವಿಪಿಎನ್ ಹಾಕಿ ಅದೇ ಪುಟವನ್ನು ಮತ್ತೆ ತೆರೆಯಿರಿ. ಹಳೆಯ ವಿಳಾಸವೋ ನಿಮ್ಮ ಇಂಟರ್ನೆಟ್ ಕಂಪನಿಯ ಹೆಸರೋ ಎಲ್ಲಾದರೂ ಉಳಿದಿದ್ದರೆ ಸೋರುತ್ತಿದೆ ಎಂದೇ ಅರ್ಥ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ವಿಪಿಎನ್ ಪುಟದಲ್ಲಿ ಆ್ಯಪ್ ಹೆಸರಿನ ಪಕ್ಕದ ಹಲ್ಲುಚಕ್ರ ಒತ್ತಿ, ‘ಆಲ್ವೇಸ್ ಆನ್ ವಿಪಿಎನ್’ ಜೊತೆಗೆ ‘ಬ್ಲಾಕ್ ಕನೆಕ್ಷನ್ಸ್ ವಿದೌಟ್ ವಿಪಿಎನ್’ ಕೂಡ ಆನ್ ಮಾಡಿ. ಎರಡನೆಯದಿಲ್ಲದೆ ಮೊದಲನೆಯದು ಅರೆಬರೆ. ಆಮೇಲೂ ಸೋರಿದರೆ ಆ್ಯಪ್ ಕಿತ್ತುಹಾಕಿ. (ಹಾಟ್‌ಸ್ಪಾಟ್ ಕೊಟ್ಟಾಗ ಲ್ಯಾಪ್‌ಟಾಪ್ ಸಾಮಾನ್ಯವಾಗಿ ನಿಮ್ಮ ಫೋನಿನ ವಿಪಿಎನ್ ಒಳಗೆ ಬರುವುದಿಲ್ಲ.)

ಗೂಗಲ್‌ಗೆ ಲಾಗಿನ್ ಆಗಿದ್ದರೆ ಇಷ್ಟೆಲ್ಲ ಮಾಡಿದರೂ ಗೂಗಲ್‌ಗೆ ನೀವು ನೀವೇ.

ಉಚಿತದ್ದು ಬೇಡವೇ ಬೇಡ. ಫೇಸ್‌ಬುಕ್ 2013ರಲ್ಲಿ ಕೊಂಡ ಒನಾವೊ ಕೂಡ ಉಚಿತ ವಿಪಿಎನ್ನೇ ಆಗಿತ್ತು. ಜನ ಯಾವ ಯಾವ ಆ್ಯಪ್ ಬಳಸುತ್ತಾರೆಂದು ಅದರಿಂದಲೇ ಫೇಸ್‌ಬುಕ್ ತಿಳಿದುಕೊಳ್ಳುತ್ತಿತ್ತು. ಭಾರತದೊಳಗಿನ ಸರ್ವರ್ ಕೂಡ ಬೇಡ: ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ಐಪಿ ವಿಳಾಸಗಳನ್ನು 5 ವರ್ಷ ಇಟ್ಟುಕೊಳ್ಳಬೇಕು. ಎಕ್ಸ್‌ಪ್ರೆಸ್ ವಿಪಿಎನ್, ಸರ್ಫ್‌ಶಾರ್ಕ್ ಇಲ್ಲಿನ ಸರ್ವರ್‌ಗಳನ್ನೇ ಎತ್ತಿಕೊಂಡು ಹೋದವು. ದುಡ್ಡು ಕೊಡುವುದಾದರೆ ಸ್ವೀಡನ್ನಿನ ವಿಪಿಎನ್ ಮುಲ್ವಾಡ್‌ನಂಥದ್ದಕ್ಕೆ ಕೊಡಿ. ತಿಂಗಳಿಗೆ 5 ಯೂರೊ, ಇಮೇಲ್ ಕೂಡ ಕೇಳುವುದಿಲ್ಲ. 2023ರಲ್ಲಿ ಸ್ವೀಡನ್ ಪೊಲೀಸರು ವಾರಂಟ್ ಹಿಡಿದು ಅವರ ಕಚೇರಿಗೆ ಬಂದು ಬರಿಗೈಯಲ್ಲಿ ಹಿಂತಿರುಗಿದರು.