ಬಾಣಂತಿಯ ನಿದ್ದೆ ಯಾರ ಜವಾಬ್ದಾರಿ?

ಆಕೆ ಸಲಹೆಗೆಂದು ನನ್ನ ಹತ್ತಿರ ಮೊದಲ ಸಲ ಬಂದಾಗ ಎಂಟು ತಿಂಗಳ ಗರ್ಭಿಣಿ. ಗಂಡನೂ ಜೊತೆಗಿದ್ದರು. (ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.) ಹೆರಿಗೆಯ ಬಗ್ಗೆ ಆಕೆಗೆ ಅಷ್ಟೇನೂ ಭಯವಿರಲಿಲ್ಲ. ಚಿಂತೆಯೆಲ್ಲ ಆಮೇಲಿನದು. ಬಾಣಂತನಕ್ಕೆ ನಾನೇ ಬರುತ್ತೇನೆ ಅಂತ ಅಮ್ಮ. ನಾನಿರುವಾಗ ಅವರೇಕೆ ಅಂತ ಅತ್ತೆ. ಇಬ್ಬರೂ ಒಂದೇ ದನಿಯಲ್ಲಿ ಹೇಳುತ್ತಿದ್ದುದು ಎರಡು ಮಾತು: ಬಾಣಂತಿ ಹಾಸಿಗೆ ಬಿಟ್ಟು ಏಳಬಾರದು, ನೀರು ಜಾಸ್ತಿ ಕುಡಿಯಬಾರದು.

"ಯಾರನ್ನು ಕರೆದರೂ ಇನ್ನೊಬ್ಬರಿಗೆ ಬೇಜಾರು ಮೇಡಂ. ನೀವೇ ಹೇಳಿಬಿಡಿ" ಅಂದರು ಗಂಡ.

ನಾನು ಬೇರೆಯದೇ ಪ್ರಶ್ನೆ ಕೇಳಿದೆ. "ರಾತ್ರಿ ಎರಡು ಗಂಟೆಗೆ ಮಗು ಅತ್ತರೆ ಯಾರು ಏಳುತ್ತೀರಿ?"

"ಹಾಲು ಕುಡಿಸಬೇಕಲ್ಲ, ಇವಳೇ ಏಳಬೇಕು ಅಲ್ವಾ?"

ಹೆಚ್ಚಿನ ಮನೆಗಳಲ್ಲಿ ಇದೇ ಉತ್ತರ ಬರುತ್ತದೆ. ಅಡುಗೆ ಯಾರು, ಬಟ್ಟೆ ಯಾರು, ಮಗುವಿನ ಸ್ನಾನ ಯಾರು ಅಂತ ಮೊದಲೇ ಮಾತಾಗಿರುತ್ತದೆ. ತಾಯಿ ಯಾವಾಗ ಮಲಗುತ್ತಾಳೆ ಅಂತ ಯಾರೂ ಕೇಳಿರುವುದಿಲ್ಲ. ಈಗ ತಾನೇ ಹುಟ್ಟಿದ ಮಗು 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕುಡಿಯುತ್ತದೆ. ಕುಡಿಸಿ, ತೇಗಿಸಿ, ಬಟ್ಟೆ ಬದಲಿಸಿ, ಮತ್ತೆ ಮಲಗಿಸುವ ಹೊತ್ತಿಗೆ ಮುಂದಿನ ಹಸಿವು ಹತ್ತಿರ ಬಂದಿರುತ್ತದೆ. ಇವೆಲ್ಲದರಲ್ಲಿ ತಾಯಿಯೇ ಮಾಡಬೇಕಾದ ಕೆಲಸ ಒಂದೇ, ಹಾಲು ಕುಡಿಸುವುದು. ಮಿಕ್ಕಿದ್ದನ್ನು ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು.

ಹಾಗಾಗಿ ರಾತ್ರಿಯಿಂದಲೇ ಯೋಜನೆ ಶುರು ಮಾಡಿದೆವು. ಹಾಲು ಕುಡಿಸಿದ ಕೂಡಲೇ ಮಗು ಗಂಡನ ಕೈಗೆ. ತೇಗಿಸುವುದು, ಬಟ್ಟೆ ಬದಲಿಸುವುದು, ಅಂಗಾತ ಮಲಗಿಸುವುದು ಅವರ ಕೆಲಸ. ಆಕೆ ಅಲ್ಲೇ ಕಣ್ಣು ಮುಚ್ಚಬೇಕು. ಹಾಲೂಡುವುದು ಚೆನ್ನಾಗಿ ಹೊಂದಿಕೊಂಡ ಮೇಲೆ, ಅಂದರೆ ಸುಮಾರು ಒಂದು ತಿಂಗಳಾದ ಮೇಲೆ, ಹಿಂಡಿಟ್ಟ ಹಾಲನ್ನು ರಾತ್ರಿ ಒಂದು ಸಲ ಗಂಡ ಕುಡಿಸಬಹುದು. ಆಗ ಆಕೆಗೆ ನಾಲ್ಕೈದು ಗಂಟೆ ಒಟ್ಟಿಗೆ ನಿದ್ದೆ ಸಿಗುತ್ತದೆ. ಹಗಲು ಮನೆಯವರ ಹತ್ತಿರ ಮಗು ಬಿಟ್ಟು ಒಂದು ಹೊತ್ತು ಮಲಗುವುದು ಬೇರೆ.

ಆಮೇಲೆ ಅಮ್ಮ, ಅತ್ತೆಯ ವಿಷಯಕ್ಕೆ ಬಂದೆವು. ಆಕೆಗೆ ಹೇಳಿದೆ: "ಮೊದಲ ವಾರಗಳಲ್ಲಿ ರಕ್ತಸ್ರಾವ ಇರುತ್ತದೆ. ಹೊಲಿಗೆ ನೋಯುತ್ತದೆ. ಎದೆ ಬಿಟ್ಟುಕೊಂಡೇ ಕೂತಿರಬೇಕಾಗುತ್ತದೆ. ಸುಮ್ನೆ ಅಳುವೂ ಬರಬಹುದು. ಯಾರ ಮುಂದೆ ನಿಮಗೆ ಸಂಕೋಚ ಇಲ್ಲವೋ ಅವರು ಮೊದಲು ಬರಲಿ." ಆಕೆ ತಡಮಾಡದೆ "ಅಮ್ಮ" ಅಂದರು. ಮೊದಲ ಮೂರು ವಾರ ಅಮ್ಮ, ಮುಂದಿನ ಮೂರು ವಾರ ಅತ್ತೆ ಎಂದು ಗೊತ್ತಾಯಿತು. ಇದನ್ನು ಅತ್ತೆಗೆ ಹೇಳಬೇಕಾದವರು ಗಂಡ, ಸೊಸೆಯಲ್ಲ. ಈ ಮಾತನ್ನು ನಾನು ಒತ್ತಿ ಹೇಳಿದೆ. ಮಗ ಹೇಳಿದರೆ ಒಂದು ದಿನದ ಮುನಿಸು. ಸೊಸೆ ಹೇಳಿದರೆ ಅದು ವರ್ಷಗಟ್ಟಲೆ ನೆನಪಿರುತ್ತದೆ.

ನೀರು, ಹಾಸಿಗೆಯ ವಿಚಾರದಲ್ಲಿ ಹಿರಿಯರ ಜೊತೆ ವಾದಕ್ಕೆ ಇಳಿಯಬೇಡಿ ಅಂದೆ. ಬಾಣಂತಿಗೆ ವಿಶ್ರಾಂತಿ ಬೇಕು ಎಂಬ ಅವರ ಮಾತು ಸರಿಯೇ. ಮನೆಗೆಲಸವೆಲ್ಲ ಬೇರೆಯವರ ಪಾಲಿಗೆ ಹೋಗಲಿ. ಆದರೆ ದಿನವಿಡೀ ಮಲಗಿಯೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಹೆರಿಗೆಯಾದ ಮೊದಲ 6 ವಾರ ಈ ಅಪಾಯ ಹೆಚ್ಚು. ಡಾಕ್ಟರ್ ಏಳಬಹುದು ಅಂದ ಕೂಡಲೇ ಮನೆಯೊಳಗೆ ನಿಧಾನವಾಗಿ ಓಡಾಡಬೇಕು. ಇನ್ನು ನೀರು ಕಡಿಮೆ ಮಾಡಲು ವೈದ್ಯಕೀಯವಾಗಿ ಯಾವ ಕಾರಣವೂ ಇಲ್ಲ. ಹಾಲೂಡಿಸುವ ತಾಯಿಗೆ ನೀರು ಹೆಚ್ಚೇ ಬೇಕು. ಕಡಿಮೆಯಾದರೆ ಮಲಬದ್ಧತೆ ಆಗುತ್ತದೆ, ಹೊಲಿಗೆ ಇದ್ದವರಿಗೆ ಅದು ನರಕ. "ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ, ಅವರ ಎದುರಿಗೇ ಕೇಳಿ" ಅಂದೆ. ಹಾಗೇ ಮಾಡಿದರು. ಆಮೇಲೆ ನೀರಿನ ಬಾಟಲಿ ತುಂಬಿಸಿಡುವ ಕೆಲಸವನ್ನು ಅತ್ತೆಯೇ ವಹಿಸಿಕೊಂಡರಂತೆ.

ಒಂದು ಹಾಳೆಯಲ್ಲಿ ಅಪಾಯದ ಲಕ್ಷಣಗಳನ್ನು ದೊಡ್ಡ ಅಕ್ಷರದಲ್ಲಿ ಬರೆಸಿದೆ. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ತೊಯ್ಯುವಷ್ಟು ರಕ್ತ, 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಕೆಟ್ಟ ವಾಸನೆಯ ಸ್ರಾವ, ಕಣ್ಣು ಮಂಜಾಗುವಂಥ ಜೋರು ತಲೆನೋವು, ಒಂದೇ ಮೀನಖಂಡದಲ್ಲಿ ಊತ ಮತ್ತು ನೋವು, ಎದೆನೋವು, ಉಸಿರಾಟದ ತೊಂದರೆ, ತನಗೆ ಅಥವಾ ಮಗುವಿಗೆ ಏನಾದರೂ ಮಾಡಿಬಿಡುತ್ತೇನೇನೋ ಎಂಬ ಯೋಚನೆ. ಇವುಗಳಲ್ಲಿ ಯಾವುದು ಕಂಡರೂ ಮನೆಯಲ್ಲಿ ಚರ್ಚೆ ಬೇಡ, ಆಸ್ಪತ್ರೆಗೆ ಹೊರಡಿ. ತಲೆನೋವನ್ನು ನಿದ್ದೆ ಇಲ್ಲದ್ದಕ್ಕೆ ಅಂತ ತಳ್ಳಿಹಾಕುವವರೇ ಜಾಸ್ತಿ. ರಕ್ತದೊತ್ತಡ ಹೆರಿಗೆಯ ನಂತರವೂ ಏರಬಹುದು ಎನ್ನುವುದು ಎಲ್ಲರಿಗೂ ಗೊತ್ತಿರಬೇಕು.

ತಪಾಸಣೆ ಅಂದರೆ ಅವರಿಗೆ ಆರನೇ ವಾರದ್ದು ಮಾತ್ರ ಗೊತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಮೊದಲ 24 ಗಂಟೆಯ ಆರೈಕೆಯ ನಂತರ ಇನ್ನೂ ಮೂರು ಸಲವಾದರೂ ತಾಯಿ, ಮಗುವನ್ನು ನೋಡಬೇಕು: 48ರಿಂದ 72 ಗಂಟೆಯೊಳಗೆ, 7ರಿಂದ 14ನೇ ದಿನದೊಳಗೆ, ಮತ್ತೆ ಆರನೇ ವಾರದಲ್ಲಿ. ಆ ದಿನಗಳನ್ನೂ ಹಾಳೆಗೆ ಸೇರಿಸಿದೆವು.

ಹೆರಿಗೆ ಸಿಸೇರಿಯನ್ ಆಯಿತು. ಮಗುವಿಗಿಂತ ಭಾರವಾದದ್ದನ್ನು ಎತ್ತುವಂತಿಲ್ಲ ಎಂಬುದೊಂದು ಸೇರಿತು. ಮಿಕ್ಕಿದ್ದು ಹಾಗೇ ನಡೆಯಿತು. ಅಮ್ಮ ಹೋಗಿ ಅತ್ತೆ ಬಂದದ್ದೂ ಸಲೀಸಾಗಿಯೇ ಆಯಿತು.

ಐದನೇ ವಾರದಲ್ಲಿ ಆಕೆ ಒಬ್ಬರೇ ಬಂದರು. ಕೂತವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎಲ್ಲರೂ ಇಷ್ಟು ನೋಡಿಕೊಳ್ತಿದ್ದಾರೆ. ನನಗೇ ಖುಷಿ ಇಲ್ಲ. ನಾನು ಸರಿ ಇಲ್ಲವೇನೋ" ಅಂತ ಅತ್ತರು.

ಹೆರಿಗೆಯಾಗಿ ಎರಡು ಮೂರು ದಿನಕ್ಕೆ ಅಳು ಬರುವುದು, ಸಣ್ಣದಕ್ಕೂ ಸಿಡುಕುವುದು ಬಹಳ ತಾಯಂದಿರಲ್ಲಿ ಕಾಣುತ್ತದೆ. ಅದು ಎರಡು ವಾರದೊಳಗೆ ತಾನಾಗೇ ಇಳಿಯುತ್ತದೆ. ಎರಡು ವಾರ ದಾಟಿಯೂ ಮನಸ್ಸು ಕುಗ್ಗಿದ್ದರೆ ಅದನ್ನು ಬೇರೆಯಾಗಿಯೇ ನೋಡಬೇಕು. ಹೆರಿಗೆಯಾದವರಲ್ಲಿ ಶೇ. 13ರಷ್ಟು ಮಂದಿಗೆ ಮಾನಸಿಕ ತೊಂದರೆ ಕಾಣಿಸಿಕೊಳ್ಳುತ್ತದೆ, ಅದರಲ್ಲಿ ಖಿನ್ನತೆಯೇ ಮುಖ್ಯ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಂಥವರಿಗೆ "ನಾವೆಲ್ಲ ಹೆತ್ತಿಲ್ವಾ?" ಅನ್ನುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಒಂದು ಮಾತಿನಿಂದ ಎಷ್ಟೋ ಹೆಂಗಸರು ಬಾಯಿ ಮುಚ್ಚಿಕೊಂಡುಬಿಡುತ್ತಾರೆ.

ಹೆರಿಗೆಯ ನಂತರದ ಖಿನ್ನತೆಯ ಸುಳಿವು ಇದೆಯೇ ಅಂತ ನೋಡುವ ಎಡಿನ್‌ಬರ್ಗ್ ಪ್ರಶ್ನಾವಳಿ ಕೊಟ್ಟೆ. ಅದು 1987ರಿಂದ ಬಳಕೆಯಲ್ಲಿದೆ. ಹತ್ತು ಪ್ರಶ್ನೆಗಳು, ಕಳೆದ ಏಳು ದಿನ ಹೇಗಿತ್ತು ಅನ್ನುವುದಕ್ಕೆ ಉತ್ತರ. ಅದೊಂದರಿಂದಲೇ ಕಾಯಿಲೆ ಅಂತ ತೀರ್ಮಾನಿಸುವುದಿಲ್ಲ, ಇನ್ನೂ ವಿಚಾರಿಸಬೇಕೇ ಅಂತ ತಿಳಿಯುತ್ತದೆ. ನಾನು ಮೊದಲು ನೋಡುವುದು ಹತ್ತನೆಯದನ್ನು, ಅದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಆಕೆ "ಇಲ್ಲ" ಎಂದು ಗುರುತು ಹಾಕಿದ್ದರು. ಬಾಯಿಬಿಟ್ಟೂ ಕೇಳಿ ಖಚಿತಪಡಿಸಿಕೊಂಡೆ. ಒಟ್ಟು ಅಂಕ ಮಾತ್ರ ಗಮನ ಕೊಡಲೇಬೇಕಾದಷ್ಟು ಹೆಚ್ಚಿತ್ತು.

ರಾತ್ರಿ ಹೇಗೆ ನಡೆಯುತ್ತಿದೆ ಅಂತ ವಿಚಾರಿಸಿದಾಗ ವಿಷಯ ಹೊರಬಂತು. ಗಂಡ ಕೆಲಸಕ್ಕೆ ಹೋಗಲು ಶುರು ಮಾಡಿದ್ದರು. ದುಡಿದು ಬರುವವರನ್ನು ಎಬ್ಬಿಸುವುದು ಹೇಗೆ ಅಂತ ಆಕೆಯೇ ಎಲ್ಲವನ್ನೂ ಮಾಡುತ್ತಿದ್ದರು. ಅವರೂ ಕೇಳಿರಲಿಲ್ಲ.

ಗಂಡನನ್ನು ಕರೆಸಿದೆ. ಬೈಯಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ರಾತ್ರಿ ಒಂದು ಗಂಟೆಯವರೆಗೆ ಮಗು ಅವರದು, ಹಿಂಡಿಟ್ಟ ಹಾಲು ಕುಡಿಸುವುದೂ ಅವರದು. ಅಲ್ಲಿಂದ ಬೆಳಗಿನವರೆಗೆ ಅವರು ಮಲಗಲಿ. ಬೆಳಿಗ್ಗೆ ಮೊದಲ ಹಾಲಾದ ಮೇಲೆ ಅತ್ತೆ ಎತ್ತಿಕೊಳ್ಳಲಿ. ಆಕೆಯನ್ನು ಹೆರಿಗೆ ಮಾಡಿಸಿದ ಡಾಕ್ಟರ ಹತ್ತಿರ ಕಳಿಸಿ ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ ಅಂದೆ. ಎರಡರಲ್ಲಿ ಯಾವುದು ಏರುಪೇರಾದರೂ ಸುಸ್ತು, ಬೇಸರ ಬರುತ್ತದೆ, ಮನಸ್ಸಿನದು ಅಂತಲೇ ಅಂದುಕೊಂಡು ಕೂರಬಾರದು. ಆಕೆಗೆ ರಕ್ತ ಕಡಿಮೆಯಿತ್ತು. ಕಬ್ಬಿಣಾಂಶದ ಮಾತ್ರೆ ಕೊಟ್ಟರು. ನನ್ನ ಹತ್ತಿರ ವಾರ ವಾರವೂ ಬರುತ್ತಿದ್ದರು.

ನಿದ್ದೆ ಸಿಗತೊಡಗಿದ ಮೇಲೆ ಪ್ರಶ್ನಾವಳಿಯ ಅಂಕ ನಿಧಾನವಾಗಿ ಇಳಿಯಿತು. ಖಿನ್ನತೆಯ ಔಷಧ ಆಕೆಗೆ ಬೇಕಾಗಲಿಲ್ಲ. ಕೆಲವರಿಗೆ ಬೇಕಾಗುತ್ತದೆ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ, ಯಾವುದು ಎನ್ನುವುದನ್ನು ಮನೋವೈದ್ಯರು ಹೇಳುತ್ತಾರೆ. ಹಾಲು ನಿಲ್ಲಿಸಬೇಕಾಗುತ್ತದೆ ಎಂಬ ಭಯಕ್ಕೆ ಚಿಕಿತ್ಸೆಯನ್ನೇ ಮುಂದೂಡುತ್ತಿರುವ ತಾಯಿ ನಿಮ್ಮ ಮನೆಯಲ್ಲಿದ್ದರೆ, ಈ ವಾರವೇ ಕರೆದುಕೊಂಡು ಹೋಗಿ. ಮಗು ಹುಟ್ಟಿದ ದಿನಗಳಲ್ಲೇ ಆಕೆಗೆ ಇಲ್ಲದ್ದು ಕೇಳಿಸುತ್ತಿದ್ದರೆ, ಕಾಣಿಸುತ್ತಿದ್ದರೆ, ನಿದ್ದೆಯೇ ಬೇಡ ಎನ್ನುವಂತೆ ಓಡಾಡುತ್ತಿದ್ದರೆ ವಾರವೂ ಕಾಯಬೇಡಿ. ಅದು ತುರ್ತು ಚಿಕಿತ್ಸೆಯ ವಿಷಯ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಲ್ಲಿಯವರೆಗೆ ತಾಯಿಯನ್ನು ಒಬ್ಬಳನ್ನೇ ಬಿಡಬಾರದು, ಮಗುವಿನ ಜೊತೆಗೂ ಆಕೆಯೊಬ್ಬಳನ್ನೇ ಬಿಡಬಾರದು.