ಪ್ರಾದೇಶಿಕ ಆರೋಗ್ಯ ಸೇವೆಯ ಹಣದ ಕೊರತೆ ಪ್ರತಿವರ್ಷ ಮರುಕಳಿಸುತ್ತಿದ್ದರೆ ಎಲ್ಲಿಂದ ಸರಿಪಡಿಸಬೇಕು?

ಮೊದಲು ಕೊರತೆಯನ್ನು ಎರಡಾಗಿ ಒಡೆಯಿರಿ: ಈ ವರ್ಷಕ್ಕಷ್ಟೇ ಬಂದದ್ದು, ಪ್ರತಿವರ್ಷ ಬರುವಂಥದ್ದು. ಎರಡನೆಯದನ್ನು ಜಾಗ ಮಾರಿ ಬಂದ ಒಂದು ಸಲದ ಹಣದಿಂದ ಮುಚ್ಚಿದರೆ ಹೊಸ ಬಜೆಟ್ಟಿನಲ್ಲಿ ಮತ್ತೆ ತಲೆ ಎತ್ತುತ್ತದೆ.

ದೊಡ್ಡ ಖರ್ಚು ಸಂಬಳದ್ದು. ಹಾಗೆಂದು ನೇಮಕಾತಿಯನ್ನೇ ನಿಲ್ಲಿಸುವುದು ಮಾಮೂಲಿ ಎಡವಟ್ಟು. ಖಾಲಿ ಹುದ್ದೆಯ ರಾತ್ರಿಪಾಳಿಗೆ ಏಜೆನ್ಸಿ ನರ್ಸ್ (ಹೊರಗಿನ ಸಂಸ್ಥೆ ತಾತ್ಕಾಲಿಕವಾಗಿ ಕಳಿಸುವವರು) ಬರುತ್ತಾರೆ, ಗಂಟೆಗೆ ತೆರುವ ದರ ಸಾಮಾನ್ಯವಾಗಿ ಕಾಯಂ ನೌಕರರಿಗಿಂತ ಹೆಚ್ಚು. ಖಾಲಿ ಹುದ್ದೆ, ಓವರ್‌ಟೈಮ್, ಏಜೆನ್ಸಿ ಬಿಲ್ ಮೂರನ್ನೂ ವಾರ್ಡ್‌ವಾರು ಒಂದೇ ಹಾಳೆಯಲ್ಲಿ ಪ್ರತಿ ತಿಂಗಳು ನೋಡಿ.

ಪೂರೈಕೆದಾರರಿಗೆ ಕೊಡಬೇಕಾದ ಬಾಕಿಯನ್ನು ಎಷ್ಟು ಹಳೆಯದು ಎಂಬುದರ ಮೇಲೆ 30, 60, 90 ದಿನಗಳೆಂದು ವಿಂಗಡಿಸಿ. 90 ದಾಟಿದ್ದು ಉಬ್ಬುತ್ತಿದ್ದರೆ, ಪಾವತಿಯಾದದ್ದನ್ನಷ್ಟೇ ಎಣಿಸುವ ನಗದು ಲೆಕ್ಕ ತೋರಿಸುವುದಕ್ಕಿಂತ ನಿಜವಾದ ಕೊರತೆ ದೊಡ್ಡದು.

ಹಾಸಿಗೆ ಕಡಿತದ ಉಳಿತಾಯವನ್ನು ಸುಮ್ಮನೆ ನಂಬಬೇಡಿ. ನಾಲ್ಕು ಹಾಸಿಗೆ ಖಾಲಿಯಾದರೆ ಊಟ, ಔಷಧದ ಖರ್ಚಷ್ಟೇ ಇಳಿಯುತ್ತದೆ. ಸಿಬ್ಬಂದಿಯ ಒಂದು ಪಾಳಿಯೇ ಕಡಿಮೆಯಾದಾಗ ಮಾತ್ರ ದೊಡ್ಡ ಮೊತ್ತ ಉಳಿಯುವುದು.